ತಾರಸಿಯ ಸೋಲಾರ್ ರಾತ್ರಿ ಎಂಟಕ್ಕೆ ಕಾರಿಗೆ ಸಿಗುತ್ತದೆಯೇ?

ಪ್ರಶ್ನೆ: ನಾನು ದಕ್ಷಿಣ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ನಮ್ಮಲ್ಲಿ 96 ಮನೆಗಳಿವೆ, ಆವರಣದಲ್ಲೇ 250 ಕೆವಿಎ ಟ್ರಾನ್ಸ್‌ಫಾರ್ಮರ್ ಇದೆ. ಸದ್ಯ 22 ಎಲೆಕ್ಟ್ರಿಕ್ ಕಾರು, 31 ಸ್ಕೂಟರ್ ಇವೆ. ಎಲ್ಲ ಚಾರ್ಜರ್‌ಗಳೂ ಆಯಾ ಮನೆಯ ಮೀಟರಿಗೇ ಜೋಡಣೆಯಾಗಿವೆ. ಈ ಏಪ್ರಿಲ್‌ನಲ್ಲಿ ಎರಡು ಸಲ ರಾತ್ರಿ ಎಂಟೂವರೆ ಸುಮಾರಿಗೆ ಮುಖ್ಯ ಬ್ರೇಕರ್ ಟ್ರಿಪ್ ಆಗಿ ಇಡೀ ಕಟ್ಟಡ ಕತ್ತಲಾಯಿತು. ಆ ಹೊತ್ತಿಗೆ ಪ್ಯಾನೆಲ್ ರೂಮಿನ ಮೀಟರ್ 210 ಕೆವಿಎ ತೋರಿಸುತ್ತಿತ್ತು. ಬೆಳಗಿನ ಜಾವ ಮೂರಕ್ಕೆ ನೋಡಿದರೆ 70. ಅಂದಿನಿಂದ ಹೊಸ ಚಾರ್ಜರ್ ಹಾಕಿಸಲು ಅನುಮತಿ ನಿಲ್ಲಿಸಿದ್ದೇವೆ. ಒಂಬತ್ತು ಮನೆಯವರು ಅರ್ಜಿ ಕೊಟ್ಟು ಕಾಯುತ್ತಿದ್ದಾರೆ. ಒಂದು ಸೋಲಾರ್ ಕಂಪನಿಯವರು ಬಂದು, 'ತಾರಸಿ ಮೇಲೆ 60 ಕಿಲೋವಾಟ್ ಹಾಕಿಸಿ, ನಿಮ್ಮ ಎಲ್ಲ ಗಾಡಿಗಳೂ ಪುಕ್ಕಟೆ ಓಡುತ್ತವೆ, ಟ್ರಾನ್ಸ್‌ಫಾರ್ಮರ್ ಮೇಲಿನ ಹೊರೆಯೂ ಇಳಿಯುತ್ತದೆ' ಎಂದರು. ಹಿರಿಯ ಸದಸ್ಯರೊಬ್ಬರು, 'ಇದೆಲ್ಲ ಬೇಡ, ಈ ಗಾಡಿಗಳಿಂದ ಊರಿನ ಕರೆಂಟೇ ಕುಸಿಯುತ್ತೆ' ಎನ್ನುತ್ತಾರೆ. ಯಾರ ಮಾತು ನಂಬಬೇಕು? ಆ ಒಂಬತ್ತು ಮನೆಗಳಿಗೆ ಏನು ಹೇಳಲಿ?

ಉತ್ತರ: ನೀವು ಬೆಳಗಿನ ಜಾವ ಮೂರಕ್ಕೆ ಎದ್ದು ಮೀಟರ್ ನೋಡಿ ಬಂದಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಮುಗಿದಿದೆ. ನಿಮ್ಮ ಪತ್ರದಲ್ಲಿರುವ ಎರಡು ಅಂಕಿಗಳಿಂದಲೇ, ಎಂಟೂವರೆಯ 210 ಮತ್ತು ಮೂರರ 70ರಿಂದಲೇ, ಬಹುಪಾಲು ಉತ್ತರ ಹೊರಡುತ್ತದೆ. ಕೆವಿಎ ಎಂದರೆ ವಿದ್ಯುತ್ ಹೊರೆಯ ಅಳತೆ, ಇಲ್ಲಿನ ಲೆಕ್ಕಕ್ಕೆ ಹೆಚ್ಚುಕಡಿಮೆ ಕಿಲೋವಾಟಿನಷ್ಟೇ ಎಂದುಕೊಳ್ಳಿ.

ಮೊದಲು ಆ ಹಿರಿಯರ ಆತಂಕ. ದಿನಕ್ಕೆ 40 ಕಿಲೋಮೀಟರ್ ಓಡುವ ಕಾರಿಗೆ ಆರರಿಂದ ಏಳು ಯೂನಿಟ್ ಬೇಕು. ಸ್ಕೂಟರಿಗೆ ಒಂದು ಯೂನಿಟ್ ಆಸುಪಾಸು. ಒಂದೂವರೆ ಟನ್ ಏಸಿ ಬೇಸಿಗೆಯ ಒಂದು ರಾತ್ರಿಯಲ್ಲಿ ಹೆಚ್ಚುಕಡಿಮೆ ಅಷ್ಟನ್ನೇ ಎಳೆಯುತ್ತದೆ. ಏಸಿ ಹಾಕಿಸುವವರನ್ನು ಯಾರೂ ತಡೆಯುವುದಿಲ್ಲ. ಯೂನಿಟ್ ಲೆಕ್ಕದಲ್ಲಿ ಇವತ್ತಿನ ಗಾಡಿಗಳು ರಾಜ್ಯದ ಜಾಲವನ್ನು ಬೀಳಿಸುವಷ್ಟು ದೊಡ್ಡವಲ್ಲ. ಆದರೂ ಅವರ ಭಯಕ್ಕೆ ಒಂದು ಬುಡವಿದೆ. ಏಸಿ, ಇಂಡಕ್ಷನ್ ಒಲೆ, ಟಿವಿ, ಲಿಫ್ಟ್ ಎಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲೇ ಆಫೀಸಿನಿಂದ ಬಂದವರು ಒಬ್ಬರ ಹಿಂದೊಬ್ಬರು ಪ್ಲಗ್ ಸಿಕ್ಕಿಸುತ್ತಾರೆ. ಸಾಮಾನ್ಯ ಮನೆ ಚಾರ್ಜರ್ 3.3 ಕಿಲೋವಾಟ್ ಎಳೆಯುತ್ತದೆ. 22 ಕಾರು ಏಕಕಾಲಕ್ಕೆ ಎಂದರೆ ಸುಮಾರು 73 ಕಿಲೋವಾಟ್. ಗೋಡೆಗೆ ಹಾಕುವ 7.2 ಕಿಲೋವಾಟ್ ಚಾರ್ಜರ್‌ಗಳಾದರೆ ಅದು ಎರಡರಷ್ಟಕ್ಕೂ ಮೇಲೆ. ಇಷ್ಟೇ ಕರೆಂಟನ್ನು ರಾತ್ರಿ ಎರಡಕ್ಕೆ ಎಳೆದರೆ ಯಾರಿಗೂ ಗೊತ್ತಾಗುವುದಿಲ್ಲ.

2024ರ ಬೇಸಿಗೆಯಲ್ಲಿ ಕೇರಳದಲ್ಲಿ ಆದದ್ದು ಇದೇ. ಸೆಕೆ, ಏಸಿ, ಜೊತೆಗೆ ಸಂಜೆಯ ಚಾರ್ಜಿಂಗ್ ಸೇರಿ ಅಲ್ಲಿನ ಬೇಡಿಕೆ ದಾಖಲೆ ಮಟ್ಟಕ್ಕೆ ಏರಿತು. ಸಂಜೆ ಪೀಕ್ ಹೊತ್ತಿನಲ್ಲಿ ಗಾಡಿ ಚಾರ್ಜ್ ಮಾಡಬೇಡಿ ಎಂದು ಅಲ್ಲಿನ ವಿದ್ಯುತ್ ಮಂಡಳಿ ಜನರನ್ನು ಕೇಳಿಕೊಳ್ಳಬೇಕಾಯಿತು. ಮನೆ ಮೇಲಿನ ಸೋಲಾರ್‌ನಲ್ಲಿ ಕೇರಳ ದೇಶದ ಮುಂಚೂಣಿಯ ರಾಜ್ಯಗಳಲ್ಲೊಂದು ಎಂಬುದನ್ನೂ ಇದರ ಜೊತೆಗಿಟ್ಟು ನೋಡಿ. ಅಷ್ಟು ಫಲಕಗಳಿದ್ದರೂ ರಾತ್ರಿ ಒಂಬತ್ತರ ಹೊರೆ ಇಳಿಯಲಿಲ್ಲ.

ಇನ್ನು ಸೋಲಾರ್ ಕಂಪನಿಯವರ ಮಾತು. ನಮ್ಮ ಕಡೆ ಒಂದು ಕಿಲೋವಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. 60 ಕಿಲೋವಾಟಿಗೆ 240 ಯೂನಿಟ್. ನಿಮ್ಮ 22 ಕಾರಿಗೆ 143, 31 ಸ್ಕೂಟರಿಗೆ 31, ಒಟ್ಟು 174 ಯೂನಿಟ್. ಅವರ ಕೂಡುಲೆಕ್ಕ ಸರಿಯಾಗಿಯೇ ಇದೆ. ಗಡಿಯಾರವನ್ನು ಮಾತ್ರ ಅವರು ನೋಡಿಲ್ಲ. ನಿಮ್ಮ ಬ್ರೇಕರ್ ಬಿದ್ದದ್ದು ಎಂಟೂವರೆಗೆ. ಆ ಹೊತ್ತಿಗೆ ತಾರಸಿಯ ಮೇಲೆ 60 ಅಲ್ಲ, 600 ಕಿಲೋವಾಟ್ ಇದ್ದರೂ ಬರುವುದು ಸೊನ್ನೆ.

ಬೆಂಗಳೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ, ಏಕೆಂದರೆ ನಮ್ಮ ತಾರಸಿಗಳ ಮೇಲೆ ಸೋಲಾರ್ ವಾಟರ್ ಹೀಟರ್ ಮೊದಲಿನಿಂದಲೂ ಇದೆ. ಹಿಂದೆ ಬೆಳಗ್ಗೆ ಆರರಿಂದ ಎಂಟರವರೆಗೆ ಗೀಸರ್‌ಗಳೇ ಊರಿನ ಟ್ರಾನ್ಸ್‌ಫಾರ್ಮರ್‌ಗಳ ಬೆವರು ಇಳಿಸುತ್ತಿದ್ದವು. ವಾಟರ್ ಹೀಟರ್ ಬಂದ ಮನೆಗಳಲ್ಲಿ ಆ ಹೊರೆ ಇಳಿಯಿತು. ಬೆಳಗ್ಗೆ ಆರಕ್ಕೆ ಬಿಸಿಲೆಲ್ಲಿತ್ತು? ನಿನ್ನೆಯ ಬಿಸಿಲು ಟ್ಯಾಂಕಿನಲ್ಲಿತ್ತು. ಕರೆಂಟ್ ಕೊಡುವ ಫಲಕಕ್ಕೆ ಆ ಟ್ಯಾಂಕ್ ಇಲ್ಲ. ಬಂದದ್ದನ್ನು ಬಂದ ಗಳಿಗೆಯಲ್ಲೇ ಯಾರಾದರೂ ಬಳಸಬೇಕು. ನೀವು ಬಳಸದಿದ್ದರೆ ಅದು ಲೈನಿಗೆ ಹೋಗಿ ಅಕ್ಕಪಕ್ಕದವರು ಬಳಸುತ್ತಾರೆ, ಮೀಟರ್ ಅದನ್ನು ನಿಮ್ಮ ಲೆಕ್ಕಕ್ಕೆ ಜಮೆ ಮಾಡುತ್ತದೆ. ಜಮೆಯಾಗುವುದು ಬಿಲ್ಲಿನಲ್ಲಿ. ರಾತ್ರಿ ತಂತಿಯಲ್ಲಿ ಹರಿಯುವ ಆಂಪಿಯರ್ ಅದರಿಂದ ಒಂದೂ ಕಡಿಮೆಯಾಗುವುದಿಲ್ಲ. ಬಿಲ್ ಇಳಿಯುವುದೂ ಟ್ರಾನ್ಸ್‌ಫಾರ್ಮರ್ ತಣಿಯುವುದೂ ಬೇರೆ ಬೇರೆ ಸಂಗತಿಗಳು. ಮಾರುವವರು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಕೇಳುವವರು ನಂಬುತ್ತಾರೆ. ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಈ ಗೊಂದಲದಿಂದಲೇ ಹುಟ್ಟಿದವು.

ಹಾಗಾದರೆ ಬ್ರೇಕರ್ ಬಿದ್ದದ್ದು ಏಕೆ? 250 ಕೆವಿಎ ಇರುವಲ್ಲಿ 210 ಕೆವಿಎಗೆ ಟ್ರಿಪ್ ಆಗಬಾರದಿತ್ತಲ್ಲ. ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಇಲ್ಲಿ.

ವಿತರಣಾ ಜಾಲದ ಕೆಲಸದಲ್ಲಿ ನಾನು 28 ವರ್ಷ ಕಳೆದಿದ್ದೇನೆ. ಎರಡು ವರ್ಷದ ಹಿಂದೆ ನಿಮ್ಮಂಥದ್ದೇ ಒಂದು ಅಪಾರ್ಟ್‌ಮೆಂಟಿಗೆ ಕರೆದಿದ್ದರು. ಅಲ್ಲಿಯೂ 250 ಕೆವಿಎ. 500ರದ್ದು ಹಾಕಿಸಬೇಕು ಎಂದು ಆಗಲೇ ಠರಾವು ಮಾಡಿ, ಮನೆಗಿಷ್ಟು ಎಂದು ಹಣ ಎತ್ತಲು ಹೊರಟಿದ್ದರು. ರಾತ್ರಿ ಎಂಟೂಕಾಲಿಗೆ ಪ್ಯಾನೆಲ್ ರೂಮಿಗೆ ಹೋದೆ. ಬಾಗಿಲು ತೆಗೆದ ಕೂಡಲೇ ಕಾದ ಪ್ಲಾಸ್ಟಿಕ್ಕಿನ ಸಣ್ಣ ವಾಸನೆ ಮೂಗಿಗೆ ಬಡಿಯಿತು. ಟ್ರಾನ್ಸ್‌ಫಾರ್ಮರಿನಿಂದ ಕರೆಂಟ್ ಬರುವುದು ಆರ್, ವೈ, ಬಿ ಎಂಬ ಮೂರು ತಂತಿಗಳಲ್ಲಿ, ಅವಕ್ಕೇ ಫೇಸು ಎನ್ನುವುದು. ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಾಕಿ ನೋಡಿದರೆ ಆರ್ ಫೇಸಿನಲ್ಲಿ 352 ಆಂಪಿಯರ್, ವೈನಲ್ಲಿ 205, ಬಿಯಲ್ಲಿ 180. ಈ ಗಾತ್ರದ ಟ್ರಾನ್ಸ್‌ಫಾರ್ಮರ್ ಪ್ರತಿ ಫೇಸಿಗೆ ಹೊರಬಲ್ಲದ್ದು 333. ಮೂರನ್ನೂ ಕೂಡಿದರೆ ಹೊರೆ ಮುಕ್ಕಾಲು ಭಾಗವೂ ಆಗಿರಲಿಲ್ಲ, ಆದರೆ ಒಂದು ಫೇಸು ಮಿತಿ ದಾಟಿ ಬಿಸಿಯಾಗುತ್ತಿತ್ತು. ಮೂರು ಫೇಸಿನ ಹೊರೆ ಸಮವಿಲ್ಲದಾಗ ವ್ಯತ್ಯಾಸದ ಕರೆಂಟ್ ಮರಳಿ ಹೋಗುವ ನ್ಯೂಟ್ರಲ್ ಕೇಬಲ್ಲಿನ ಹತ್ತಿರ ಅಂಗೈಯ ಹಿಂಬದಿ ತಂದರೆ ಒಲೆಯ ಪಕ್ಕ ನಿಂತಂತೆ ಕಾವು. ಬೇಸ್‌ಮೆಂಟಿಗೆ ಹೋಗಿ ಕೇಬಲ್ ಹಿಡಿದು ಹಿಂಬಾಲಿಸಿದಾಗ ಕಾರಣ ಸಿಕ್ಕಿತು. ಚಾರ್ಜರ್ ಕೂರಿಸಲು ಬಂದ ಎಲೆಕ್ಟ್ರಿಷಿಯನ್‌ಗಳೆಲ್ಲ ಕೈಗೆ ಹತ್ತಿರ ಸಿಕ್ಕ ಒಂದೇ ಬಸ್‌ಬಾರಿನಿಂದ, ಅಂದರೆ ಒಂದೇ ಫೇಸಿನ ಲೋಹದ ಪಟ್ಟಿಯಿಂದ, ಲೈನ್ ಎಳೆದಿದ್ದರು. ಒಂದು ಭಾನುವಾರ ಮಧ್ಯಾಹ್ನ ಕರೆಂಟ್ ತೆಗೆಸಿ ಚಾರ್ಜರ್‌ಗಳನ್ನು ಮೂರು ಫೇಸಿಗೂ ಹಂಚಿದರು. ಮರುದಿನ ಅದೇ ಹೊತ್ತಿಗೆ 255, 243, 239. ಹೊಸ ಟ್ರಾನ್ಸ್‌ಫಾರ್ಮರಿನ ಮಾತು ಅಲ್ಲಿಗೇ ನಿಂತಿತು.

ಒಟ್ಟು ಹೊರೆ ಮಿತಿಯೊಳಗಿದ್ದರೂ ಒಂದೇ ಫೇಸು ಮಿತಿ ದಾಟಿದರೆ ಬ್ರೇಕರ್ ಬೀಳಬಹುದು. ನಿಮ್ಮಲ್ಲೂ ಇದೇ ಆಗಿದೆ ಎಂದು ಇಲ್ಲಿ ಕುಳಿತು ಹೇಳಲಾರೆ, ಆದರೆ ಲಕ್ಷಣ ಹಾಗಿದೆ. ಆದ್ದರಿಂದ ಸೋಲಾರ್ ಕೊಟೇಶನ್ ಪಕ್ಕಕ್ಕಿಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರನ್ನು ಕರೆಸಿ ಏಳು ದಿನ, ಸಂಜೆ ಏಳರಿಂದ ಹತ್ತರವರೆಗೆ ಅರ್ಧ ಗಂಟೆಗೊಮ್ಮೆ ಮೂರು ಫೇಸು ಮತ್ತು ನ್ಯೂಟ್ರಲ್ಲಿನ ಆಂಪಿಯರ್ ಬರೆಸಿ. ಇದಕ್ಕೆ ತಗಲುವ ಖರ್ಚು ಕೆಲವೇ ಸಾವಿರ.

ಅದಾದ ಮೇಲೆ ಹೊತ್ತಿನ ಹಂಚಿಕೆ. ಮೂರು ಗಂಟೆಗೆ 70 ಕೆವಿಎ ಎಂದು ಬರೆದಿದ್ದೀರಿ. ಸುರಕ್ಷತೆಗೆ ಒಂದಿಷ್ಟು ಬಿಟ್ಟು 200 ಕೆವಿಎ ದಾಟಬಾರದು ಎಂದಿಟ್ಟುಕೊಂಡರೂ ರಾತ್ರಿ ಹನ್ನೊಂದರಿಂದ ಬೆಳಗಿನ ಜಾವ ಐದರವರೆಗೆ ಹೊರೆ ಅಷ್ಟೇ ಇದ್ದರೆ ಆರು ಗಂಟೆಯ ಕಾಲ ಹತ್ತಿರ ಹತ್ತಿರ 130 ಕಿಲೋವಾಟ್ ಖಾಲಿ. ಅಂದರೆ ಸುಮಾರು 780 ಯೂನಿಟ್. ನಿಮ್ಮ 96 ಮನೆಗಳೂ ಒಂದೊಂದು ಎಲೆಕ್ಟ್ರಿಕ್ ಕಾರು ಕೊಂಡರೂ ದಿನಕ್ಕೆ ಬೇಕಾಗುವುದು 624 ಯೂನಿಟ್. ಒಂದು ಫಲಕವನ್ನೂ ಹಾಕದೆ, ಟ್ರಾನ್ಸ್‌ಫಾರ್ಮರ್ ಬದಲಿಸದೆ ಇಷ್ಟು ಸಾಧ್ಯ. ಈಗಿನ ಬಹುತೇಕ ಕಾರುಗಳಲ್ಲಿ ಚಾರ್ಜಿಂಗ್ ಶುರುವಾಗುವ ಸಮಯ ನಿಗದಿ ಮಾಡುವ ಸೌಲಭ್ಯ ಇದೆ. ಮನೆಗೆ ಬಂದ ಕೂಡಲೇ ಪ್ಲಗ್ ಸಿಕ್ಕಿಸಿ ಮಲಗಿ, ಅದು ಹನ್ನೊಂದಕ್ಕೆ ತಾನೇ ಶುರು ಮಾಡುತ್ತದೆ.

ಇದರ ತೊಂದರೆಗಳನ್ನೂ ಹೇಳಬೇಕು. ಎಲ್ಲರೂ ಸರಿಯಾಗಿ ಹನ್ನೊಂದಕ್ಕೇ ಇಟ್ಟರೆ ಎಂಟೂವರೆಯ ಗುಂಪು ಹನ್ನೊಂದಕ್ಕೆ ಹೋಗುತ್ತದೆ ಅಷ್ಟೆ. ಬ್ಲಾಕಿಗೊಂದು ಹೊತ್ತು ಎಂದು ಹಂಚಿ. ಶಿಸ್ತು ಮೂರು ತಿಂಗಳಿಗೆ ಸಡಿಲವಾಗುತ್ತದೆ, ಅದನ್ನೂ ಕಂಡಿದ್ದೇನೆ. ಚಾರ್ಜರ್‌ಗಳು ಮೂವತ್ತು ದಾಟಿದ ಮೇಲೆ ಒಟ್ಟು ಹೊರೆಯನ್ನು ನೋಡಿಕೊಂಡು ತಾವೇ ತಗ್ಗುವ, ಏರುವ ನಿಯಂತ್ರಣ ವ್ಯವಸ್ಥೆ ಹಾಕಿಸಿದರೆ ಜಗಳ ಇರುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ಟ್ರಾನ್ಸ್‌ಫಾರ್ಮರಿಗೂ ರಾತ್ರಿಯ ವಿಶ್ರಾಂತಿ ಬೇಕು. ಒಳಗಿನ ಸುರುಳಿಗೆ ಸುತ್ತಿದ ಕಾಗದವೇ ಅದರ ಆಯುಸ್ಸು. ಆ ಕಾಗದದ ಅತಿ ಬಿಸಿಯಾದ ಜಾಗ 98 ಡಿಗ್ರಿ ದಾಟಿದ ಮೇಲೆ, ಪ್ರತಿ 6 ಡಿಗ್ರಿ ಏರಿಕೆಗೂ ಅದು ಸವೆಯುವ ವೇಗ ಇಮ್ಮಡಿಯಾಗುತ್ತದೆ. ಹಗಲು ಸಂಜೆ ದುಡಿದು ಕಾದ ಎಣ್ಣೆ ರಾತ್ರಿ ತಣಿಯಬೇಕು. ರಾತ್ರಿಯನ್ನೂ ತುಂಬಿಸಿಬಿಟ್ಟರೆ ತಣಿಯಲು ಬಿಡುವಿಲ್ಲ. 200 ಕೆವಿಎ ಮಿತಿ ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕಾಗಿ.

ಇಲ್ಲಿಗೆ ಸೋಲಾರ್ ಬೇಡ ಎಂದಂತಾಯಿತೇ? ಇಲ್ಲ. ಸೋಲಾರ್ ಬೇಕು, ಆದರೆ ಕಾರನ್ನು ಬಿಸಿಲಿನ ಹೊತ್ತಿಗೆ ತರಬೇಕು. ಫಲಕಕ್ಕೆ ಟ್ಯಾಂಕ್ ಇಲ್ಲ ಎಂದೆನಲ್ಲ, ಆ ಟ್ಯಾಂಕ್ ನಿಮ್ಮ ಬೇಸ್‌ಮೆಂಟಿನಲ್ಲೇ ನಾಲ್ಕು ಚಕ್ರದ ಮೇಲೆ ನಿಂತಿದೆ.

ಮನೆಯಿಂದಲೇ ಕೆಲಸ ಮಾಡುವವರು, ನಿವೃತ್ತರು, ಎರಡನೇ ಕಾರು ಇರುವವರು, ವಾರಕ್ಕೆ ಎರಡೇ ದಿನ ಆಫೀಸಿಗೆ ಹೋಗುವವರು, ಇವರ ಪಟ್ಟಿ ಮಾಡಿ. ಹಗಲು ಹತ್ತರಿಂದ ಮೂರರವರೆಗೆ ಕಟ್ಟಡದಲ್ಲೇ ನಿಂತಿರುವ ಗಾಡಿಗಳು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚಿರುತ್ತವೆ. ವಾರಕ್ಕೆ ಎರಡು ಸಲ ಹಗಲು ಚಾರ್ಜ್ ಆದರೆ ಇವರಿಗೆ ಸಾಕು. ಅಷ್ಟು ಗಾಡಿಗಳು ಸಂಜೆಯ ಸಾಲಿನಿಂದ ಪೂರ್ತಿ ಹೊರಗೆ. ಸ್ಕೂಟರ್‌ಗಳಿಗೂ ಇದೇ ಮಾತು. ಆಫೀಸಿಗೆ ಹೋಗುವವರ ಕಾರು ಬೆಳಗ್ಗೆ ಹತ್ತರಿಂದ ಸಂಜೆಯವರೆಗೆ ಆಫೀಸಿನ ಪಾರ್ಕಿಂಗ್‌ನಲ್ಲಿ ಸುಮ್ಮನೆ ನಿಂತಿರುತ್ತದೆ. ಅಲ್ಲಿ ದೊಡ್ಡ ಫಾಸ್ಟ್ ಚಾರ್ಜರ್ ಬೇಕಿಲ್ಲ, ಸಾಧಾರಣ 3.3 ಕಿಲೋವಾಟ್ ಪಾಯಿಂಟ್ ಎರಡು ಗಂಟೆಯಲ್ಲಿ ದಿನದ ಓಡಾಟದಷ್ಟು ತುಂಬುತ್ತದೆ. ಜಾಲದ ಹೊರೆ ಇಳಿಸಲು ಸೋಲಾರ್‌ಗಿರುವ ಅತ್ಯುತ್ತಮ ಜಾಗ ಆಫೀಸು, ಕಾರ್ಖಾನೆ, ಕಾಲೇಜುಗಳ ಪಾರ್ಕಿಂಗ್ ಎಂಬುದು ನನ್ನ ದೃಢ ಅಭಿಪ್ರಾಯ. ನಿಮ್ಮ ನಿವಾಸಿಗಳು ತಮ್ಮ ಕಂಪನಿಗಳಲ್ಲಿ ಇದನ್ನು ಕೇಳಿ ಪಡೆಯಲಿ.

ಮೇಲಿನಿಂದ ನೋಡಿದರೂ ಹಗಲು ಚಾರ್ಜಿಂಗ್ ಜಾಲಕ್ಕೆ ಒಳ್ಳೆಯದು. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಮಧ್ಯಾಹ್ನ ತುಂಬಿ ಹರಿಯುತ್ತದೆ, ಸೂರ್ಯ ಮುಳುಗಿದ ಮೇಲೆ ಅದೂ ಕತ್ತಲೆ. ಆ ಹೊತ್ತಿಗೆ ಜಲವಿದ್ಯುತ್ತು, ಕಲ್ಲಿದ್ದಲು, ಹೊರಗಿನಿಂದ ಕೊಳ್ಳುವ ದುಬಾರಿ ಕರೆಂಟು ಕೈ ಹಿಡಿಯಬೇಕು. ನಿಮ್ಮ ರಸ್ತೆಯ ಮಟ್ಟದಲ್ಲೂ ಹೀಗೇ. ಮಧ್ಯಾಹ್ನ ಮನೆಗಳಲ್ಲಿ ಬಳಕೆ ಇಲ್ಲದೆ ತಾರಸಿಗಳಿಂದ ಕರೆಂಟ್ ಲೈನಿಗೆ ನುಗ್ಗಿದಾಗ ಲೈನಿನ ಕೊನೆಯಲ್ಲಿ ವೋಲ್ಟೇಜ್ ಏರಿ, ಫಲಕದ ಕರೆಂಟನ್ನು ಲೈನಿಗೆ ಹೊಂದಿಸುವ ಇನ್ವರ್ಟರ್‌ಗಳು ತಾವೇ ಆಫ್ ಆಗುವುದುಂಟು. ಆಗ ಒಳ್ಳೆಯ ಬಿಸಿಲಿನಲ್ಲೇ ಉತ್ಪಾದನೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ನಾಲ್ಕು ಕಾರು ಚಾರ್ಜಿಗಿದ್ದರೆ ಎರಡೂ ಕಡೆಗೆ ಉಪಕಾರ. ಸರ್ಕಾರದ ದರ ನೀತಿಯೂ ಈ ದಿಕ್ಕಿಗೇ ಹೊರಳಿದೆ. ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಮಾರ್ಗಸೂಚಿಯ ಪ್ರಕಾರ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗೆ ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಕರೆಂಟ್ ದರ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು, ಉಳಿದ ಹೊತ್ತಿನಲ್ಲಿ 1.3 ಪಟ್ಟು. ಮನೆಗಳಿಗೆ ಸ್ಮಾರ್ಟ್ ಮೀಟರ್ ಬಂದ ಮೇಲೆ ಹೊತ್ತಿಗೊಂದು ದರ ಎಂಬ ನಿಯಮ ಅಲ್ಲಿಗೂ ಬರುವಂತೆ ಕಾನೂನಿನಲ್ಲಿ ಆಗಲೇ ಜಾಗವಿದೆ.

60 ಕಿಲೋವಾಟ್ ಕೊಟೇಶನ್ನಿಗೆ ಸಹಿ ಹಾಕುವ ಮುಂಚೆ ನೋಡಬೇಕಾದವು ಕೆಲವಿವೆ. ಮುಖ್ಯವಾದದ್ದು, ಸಂಘ ಹಾಕಿಸುವ ಸೋಲಾರ್ ಸಾಮಾನ್ಯವಾಗಿ ಜೋಡಣೆಯಾಗುವುದು ಕಾಮನ್ ಏರಿಯಾ ಮೀಟರಿಗೆ. ನಿಮ್ಮ ಚಾರ್ಜರ್‌ಗಳಿರುವುದು ಮನೆಗಳ ಮೀಟರಿನಲ್ಲಿ. ಆದ್ದರಿಂದ 'ಗಾಡಿ ಪುಕ್ಕಟೆ ಓಡುತ್ತದೆ' ಎಂಬುದು ನಿಮ್ಮ ಕಟ್ಟಡದಲ್ಲಿ ಇವತ್ತಿನ ಜೋಡಣೆಯಲ್ಲಿ ನಿಜವಲ್ಲ. ಇಳಿಯುವುದು ಲಿಫ್ಟ್, ಪಂಪು, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ, ದೀಪಗಳ ಬಿಲ್ಲು, ಅದರ ಮೂಲಕ ಎಲ್ಲರ ನಿರ್ವಹಣಾ ಶುಲ್ಕ. ಹಗಲು ಬಳಸಲು ನಾಲ್ಕೈದು ಪಾಯಿಂಟ್‌ಗಳನ್ನು ಕಾಮನ್ ಮೀಟರಿನಲ್ಲಿ ಹಾಕಿಸಿ ಯೂನಿಟ್ ಲೆಕ್ಕದಲ್ಲಿ ಹಣ ಪಡೆಯುವುದಾದರೆ ಮಾತು ಬೇರೆ. ನಾನಾದರೆ ಅದನ್ನೇ ಮಾಡುತ್ತೇನೆ. ಕಾಮನ್ ಮೀಟರಿಗೆ ಮಂಜೂರಾದ ಲೋಡ್ ಎಷ್ಟಿದೆ ನೋಡಿ, ಸಾಮಾನ್ಯವಾಗಿ ಅದನ್ನು ಮೀರಿ ಸೋಲಾರ್ ಹಾಕಲಾಗದು. 60 ಕಿಲೋವಾಟಿಗೆ ನೆರಳಿಲ್ಲದ ಸುಮಾರು 6,000 ಚದರ ಅಡಿ ಬೇಕು. ಓವರ್‌ಹೆಡ್ ಟ್ಯಾಂಕು, ಲಿಫ್ಟ್ ರೂಮು, ವಾಟರ್ ಹೀಟರ್‌ಗಳ ನೆರಳು ಕಳೆದರೆ ಅಷ್ಟು ಉಳಿಯುತ್ತದೆಯೇ? ತಾರಸಿಗೆ ವಾಟರ್‌ಪ್ರೂಫಿಂಗ್ ಬಾಕಿ ಇದ್ದರೆ ಫಲಕಕ್ಕೆ ಮುಂಚೆಯೇ ಮುಗಿಸಿ. ಜುಲೈನ ಮೋಡದ ವಾರಗಳಲ್ಲಿ ನಾಲ್ಕು ಯೂನಿಟ್ ಎರಡಕ್ಕೆ ಇಳಿಯುವುದನ್ನೂ ಲೆಕ್ಕದಲ್ಲಿಡಿ.

ಪಿಎಂ ಸೂರ್ಯಘರ್ ಯೋಜನೆಯಲ್ಲಿ ನಿವಾಸಿ ಸಂಘಗಳ ಸಾಮಾನ್ಯ ಸೌಲಭ್ಯಗಳಿಗೆ, ಚಾರ್ಜಿಂಗ್ ಸಹ ಸೇರಿ, ಕಿಲೋವಾಟಿಗೆ 18,000 ರೂಪಾಯಿ ಸಹಾಯಧನವಿದೆ. 60 ಕಿಲೋವಾಟಿಗೆ 10.8 ಲಕ್ಷವಾಯಿತು. ಸಹಾಯಧನ ಬೇಕೆಂದರೆ ದೇಶದಲ್ಲೇ ತಯಾರಾದ ಸೆಲ್ ಇರುವ ಫಲಕಗಳೇ ಆಗಬೇಕು. ಕೊಟೇಶನ್ನಿನಲ್ಲಿ ಅದು ಬರೆದಿದೆಯೇ ನೋಡಿ.

ಕರೆಂಟ್ ಹೋದಾಗ ಸೋಲಾರ್‌ನಿಂದ ಚಾರ್ಜ್ ಮಾಡಬಹುದು ಎಂದು ಬಹಳ ಮಂದಿ ನಂಬಿದ್ದಾರೆ. ಆಗುವುದಿಲ್ಲ. ಲೈನ್ ಸತ್ತ ಕೂಡಲೇ ಈ ಇನ್ವರ್ಟರ್‌ಗಳು ನಿಲ್ಲಲೇಬೇಕು, ಇಲ್ಲದಿದ್ದರೆ ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್ ಜೀವಕ್ಕೆ ಅಪಾಯ. ಇದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವ ಅಪಾಯ ಡೀಸೆಲ್ ಜನರೇಟರಿನದ್ದು. ಜನರೇಟರ್ ಓಡುವಾಗ ಅದನ್ನೇ ಲೈನ್ ಎಂದು ತಿಳಿದು ಇನ್ವರ್ಟರ್ ಮತ್ತೆ ಶುರುವಾಗಬಹುದು. ಬಳಕೆ ಕಡಿಮೆ ಇದ್ದು ಬಿಸಿಲು ಜೋರಿದ್ದರೆ ಕರೆಂಟ್ ಹಿಮ್ಮುಖವಾಗಿ ಜನರೇಟರಿಗೇ ಹರಿದು ಅದು ಕೆಡುತ್ತದೆ. ಇವೆರಡನ್ನೂ ಹೊಂದಿಸುವ ನಿಯಂತ್ರಕ ಇಲ್ಲದೆ ಸಹಿ ಹಾಕಬೇಡಿ. ಕಾರು ಚಾರ್ಜರ್‌ಗಳು ಜನರೇಟರ್ ಲೈನಿನಲ್ಲಿ ಇರಲೇಬಾರದು.

ಬ್ಯಾಟರಿ ಹಾಕಿಸಿ ಹಗಲಿನ ಕರೆಂಟನ್ನು ರಾತ್ರಿಗೆ ಇಟ್ಟುಕೊಂಡರೆ? ತಾಂತ್ರಿಕವಾಗಿ ಸರಿಯಾದ ದಾರಿ. ಫಾಸ್ಟ್ ಚಾರ್ಜಿಂಗ್ ಕೇಂದ್ರಗಳಿಗೆ, ಬಸ್ ಡಿಪೋಗಳಿಗೆ ಅದು ಬೇಕಾಗುತ್ತದೆ. ಅಲ್ಲಿ ಗಾಡಿಗಳಿಗೆ ಕಾಯಲು ಹೊತ್ತಿಲ್ಲ. ನಿಮ್ಮ ಕಾರುಗಳಿಗೆ ರಾತ್ರಿಯಿಡೀ ಹೊತ್ತಿದೆ. ಕಾಯಬಲ್ಲ ಗಾಡಿಗೆ ಲಕ್ಷಾಂತರ ರೂಪಾಯಿಯ ಬ್ಯಾಟರಿ, ಅದಕ್ಕೊಂದು ಗಾಳಿಯಾಡುವ ಕೋಣೆ, ಬೆಂಕಿಯ ಮುನ್ನೆಚ್ಚರಿಕೆ, ಹತ್ತು ಹನ್ನೆರಡು ವರ್ಷಕ್ಕೆ ಬದಲಾವಣೆ, ಇಷ್ಟನ್ನು ಸಂಘದ ತಲೆಗೆ ಈಗಲೇ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಖರ್ಚಿಲ್ಲದ ಇನ್ನೊಂದು ಕೆಲಸವಿದೆ. ಸಂಪಿನಿಂದ ನೀರೆತ್ತುವ ಪಂಪು, ಎಸ್‌ಟಿಪಿ ಬ್ಲೋವರ್ ಯಾವ ಹೊತ್ತಿಗೆ ಓಡುತ್ತವೆ, ಪ್ಲಂಬರನ್ನು ಕೇಳಿ. ಎಷ್ಟೋ ಕಡೆ ಸಂಜೆ ಏಳಕ್ಕೆ ಟ್ಯಾಂಕ್ ತುಂಬಿಸುವುದು ರೂಢಿ. ಪಂಪನ್ನು ಮಧ್ಯಾಹ್ನಕ್ಕೆ ಸರಿಸಿ, ಎಸ್‌ಟಿಪಿಯ ಹೆಚ್ಚಿನ ಓಟವನ್ನು ಅದನ್ನು ನೋಡಿಕೊಳ್ಳುವವರ ಒಪ್ಪಿಗೆ ಪಡೆದು ಹಗಲಿಗೆ ತನ್ನಿ. ಮೂರು ನಾಲ್ಕು ಕಾರುಗಳಿಗಾಗುವಷ್ಟು ಜಾಗ ಎಂಟೂವರೆಯಲ್ಲಿ ಆ ದಿನವೇ ಸಿಗುತ್ತದೆ. ನಾಳೆ ಫಲಕ ಬಂದರೆ ಹಗಲಿನ ಕರೆಂಟನ್ನು ಮೊದಲು ಬಳಸುವವೂ ಇವೇ.

ಬಿಲ್ಲಿನ ಬಗ್ಗೆಯೂ ಒಂದು ಮಾತು, ಏಕೆಂದರೆ ನಿಮ್ಮಲ್ಲಿ ಗೃಹಜ್ಯೋತಿ, ಅಂದರೆ ತಿಂಗಳಿಗೆ 200 ಯೂನಿಟ್‌ವರೆಗಿನ ಉಚಿತ ಕರೆಂಟ್, ಪಡೆಯುವ ಮನೆಗಳೂ ಇರಬಹುದು. ಕಾರಿನ ತಿಂಗಳ ಬಳಕೆ 150ರಿಂದ 200 ಯೂನಿಟ್. ಅದು ಮನೆಯ ಮೀಟರಿನಲ್ಲೇ ಓಡಿದರೆ ಒಟ್ಟು 200 ದಾಟಿ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಗಾಡಿ ಚಾರ್ಜಿಂಗಿಗೆ ಪ್ರತ್ಯೇಕ ಸಂಪರ್ಕ ಪಡೆಯುವ ಹಕ್ಕನ್ನು 2024ರ ಗ್ರಾಹಕ ಹಕ್ಕುಗಳ ತಿದ್ದುಪಡಿ ನಿಯಮ ಕೊಟ್ಟಿದೆ. ಅರ್ಜಿ ಹಾಕುವ ಮನೆಗಳಿಗೆ ಇದನ್ನು ಮೊದಲೇ ತಿಳಿಸಿ.

ಇನ್ನು ಕಾಯುತ್ತಿರುವ ಒಂಬತ್ತು ಮನೆಗಳು. ಏಳು ದಿನದ ಅಳತೆ ಮುಗಿದು ಫೇಸುಗಳು ಸಮನಾದ ಮೇಲೆ ಅವರಿಗೆ ಅನುಮತಿ ಕೊಡಿ, ತಡೆಯಲು ಕಾರಣ ಉಳಿಯುವುದಿಲ್ಲ. ಷರತ್ತು ಮೂರು ಸಾಕು: 3.3 ಕಿಲೋವಾಟ್ ಮೀರಬಾರದು, ಸಂಜೆ ಆರರಿಂದ ಹನ್ನೊಂದರವರೆಗೆ ಚಾರ್ಜಿಂಗ್ ಇಲ್ಲ, ಪ್ರತಿ ಪಾಯಿಂಟಿಗೂ ಸರಿಯಾದ ಅರ್ಥಿಂಗ್ ಮತ್ತು ಲೀಕೇಜ್ ಬ್ರೇಕರ್ ಇರಬೇಕು. ಒಂಬತ್ತರಲ್ಲಿ ಮೂರನ್ನು ಆರ್ ಫೇಸಿಗೆ, ಮೂರನ್ನು ವೈಗೆ, ಮೂರನ್ನು ಬಿಗೆ ಕೊಡಿಸಿ. ಪ್ರತಿ ಚಾರ್ಜರಿನ ಮೇಲೂ ಅದರ ಫೇಸು ಮತ್ತು ಹೊತ್ತು ಬರೆದ ಚೀಟಿ ಅಂಟಿಸಿ, ಅದೇ ಪಟ್ಟಿಯ ಒಂದು ಪ್ರತಿಯನ್ನು ಪ್ಯಾನೆಲ್ ರೂಮಿನ ಬಾಗಿಲ ಒಳಬದಿಗೆ ಹಚ್ಚಿ. ಹತ್ತನೆಯ ಮನೆಗೆ ಲೈನ್ ಎಳೆಯಲು ಬರುವ ಎಲೆಕ್ಟ್ರಿಷಿಯನ್ ಮೊದಲು ಅದನ್ನು ನೋಡಲಿ.